ವೃದ್ಧಾಪ್ಯವೂ ಪೌರಜೀವನವೂ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ನಮ್ಮವರು ಬಹುಕಾಲದಿಂದ ಹೇಳಿಕೊಂಡು ಬಂದಿರುವರು. ಅರವತ್ತು ವರ್ಷ ಬದುಕುವುದೇ ಅಪೂರ್ವವಾಗಿದ್ದ ಕಾಲದಲ್ಲಿ ಹುಟ್ಟಿದ ಮಾತದು. ಈಗಲಾದರೋ, ಅರವತ್ತು ತುಂಬಿ ಸರ್ಕಾರದ ಕೆಲಸದಿಂದ ನಿವೃತ್ತರಾದವರು ಹೂಮಾಲೆಯೊಡನೆ ಮನೆಗೆ ಬರುವ ದಿನ, ಅವರ ಮುಂದೆ ಇನ್ನೂ ಹದಿನೈದಿಪ್ಪತ್ತು ವರ್ಷಗಳ ಆಯುಸ್ಸು ಉಳಿದಿರುವುದು ಸಾಮಾನ್ಯವಾಗಿದೆ. ಒಂದು ಮಗು ಹುಟ್ಟಿ, ಓದಿ, ದೊಡ್ಡದಾಗುವಷ್ಟು ದೀರ್ಘವಾದ ಕಾಲವಿದು. ಇದನ್ನು ಹೇಗೆ ಕಳೆಯಬೇಕೆಂಬುದನ್ನು ಯಾವ ಶಾಲೆಯೂ ನಮಗೆ ಕಲಿಸಲಿಲ್ಲ. “ಇಷ್ಟು ದಿನ ದುಡಿದದ್ದು ಸಾಕು, ಇನ್ನು ಆರಾಮಾಗಿ ಕೂತಿರಿ” ಎಂದು ಮಕ್ಕಳು ಹೇಳುವರು, ಪ್ರೀತಿಯಿಂದಲೇ ಹೇಳುವರು. ಆದರೆ ಆ ಪ್ರೀತಿಯ ಮಾತಿನೊಳಗೆ ಒಂದು ಅಪಾಯವೂ ಅಡಗಿರುವುದೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಈ ವಿಚಾರಕ್ಕೆ ನಾವು ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಎಂಬ ಮೂರು ಊರುಗಳನ್ನು ಆರಿಸಿಕೊಂಡಿರುವೆವು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದ ಐದು ತಾಲ್ಲೂಕುಗಳಲ್ಲಿ ಈ ಮೂರೂ ಸೇರಿವೆ. ಒಂದು, ಕಚೇರಿ ಆಸ್ಪತ್ರೆ ಕಾರ್ಖಾನೆಗಳ ದೊಡ್ಡ ಪಟ್ಟಣ. ಇನ್ನೊಂದು, ತುಂಗಭದ್ರೆಯ ನೀರುಂಡ ಬತ್ತದ ಸೀಮೆ. ಮತ್ತೊಂದು, ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದು, ಈಚೆಗೆ ತಾಲ್ಲೂಕಿನ ಪದವಿಯನ್ನು ಪಡೆದ ದೊಡ್ಡಬಸವೇಶ್ವರನ ಊರು. ನಿವೃತ್ತರು ಎಂದಾಗ ವಿಶ್ರಾಂತಿವೇತನವುಳ್ಳವರನ್ನು ಮಾತ್ರ ನೆನೆಯುವುದು ರೂಢಿ. ನಾವಾದರೋ ನೇಗಿಲು ಬಿಟ್ಟ ರೈತನನ್ನೂ, ಗಿರಣಿ ಬಿಟ್ಟ ಕೂಲಿಕಾರನನ್ನೂ, ಎಂದೂ ನಿವೃತ್ತಿಯೇ ಇಲ್ಲದ ಗೃಹಿಣಿಯನ್ನೂ ಆ ಮಾತಿನೊಳಗೆ ಸೇರಿಸಿಕೊಂಡೇ ಬರೆಯುವೆವು.

ಅಕ್ಟೋಬರ್ ಒಂದನೆಯ ತಾರೀಖು

ಈ ಜಿಲ್ಲೆಯ ಹಿರಿಯರಿಗೆ ಅಕ್ಟೋಬರ್ ಒಂದನೆಯ ತಾರೀಖು ಎರಡು ಕಾರಣಗಳಿಂದ ಸ್ಮರಣೀಯವಾದುದು. ವಿಶ್ವಸಂಸ್ಥೆಯು ೧೯೯೦ರಲ್ಲಿ ಗೊತ್ತುಮಾಡಿ, ೧೯೯೧ರಿಂದ ಜಗತ್ತೆಲ್ಲ ಆಚರಿಸಿಕೊಂಡು ಬರುತ್ತಿರುವ ಹಿರಿಯ ನಾಗರಿಕರ ದಿನವು ಅದೇ. ಬಳ್ಳಾರಿಯು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ದಿನವೂ, ೧೯೫೩ನೆಯ ಇಸವಿಯ ಅದೇ ತಾರೀಖೇ.

ಆ ವರ್ಷದ ಕಥೆಯನ್ನು ಎಳೆಯರು ಬಲ್ಲವರಲ್ಲವಾದುದರಿಂದ ಸಂಕ್ಷೇಪವಾಗಿ ಹೇಳುವೆವು. ಆಂಧ್ರರಾಜ್ಯವು ಹುಟ್ಟುವ ಹೊತ್ತಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಯೆದ್ದಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆಂದೂ, ಸಿರುಗುಪ್ಪವೇ ಮೊದಲಾದವು ಮೈಸೂರಿಗೆಂದೂ ತೀರ್ಮಾನವಾಯಿತು. ಬಳ್ಳಾರಿ ತಾಲ್ಲೂಕು ಮಾತ್ರ ತೂಗುಯ್ಯಾಲೆಯಲ್ಲಿ ಉಳಿಯಿತು. ಕುರುಗೋಡು ಆಗ ಅದೇ ತಾಲ್ಲೂಕಿಗೆ ಸೇರಿದ್ದಿತಾದುದರಿಂದ ಅದರ ಭವಿತವ್ಯವೂ ಅನಿಶ್ಚಿತವಾಯಿತು. ಹೈದರಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲ್. ಎಸ್. ಮಿಶ್ರರು ವಿಚಾರಣೆ ನಡೆಸಿದ ಮೇಲೆ ಆ ತಾಲ್ಲೂಕೂ ಮೈಸೂರಿಗೆ ಬಂದಿತು. ಅಷ್ಟರೊಳಗೆ ಊರೂರುಗಳಲ್ಲಿ ಸಭೆಗಳಾದವು, ಮೆರವಣಿಗೆಗಳಾದವು, ಅರ್ಜಿಗಳು ಹೋದವು, ಬಳ್ಳಾರಿಯ ರಂಜಾನ್ ಸಾಬರು ಏಕೀಕರಣಕ್ಕಾಗಿ ಪ್ರಾಣವನ್ನೇ ತೆತ್ತರು.

ಅಂದು ತಂದೆಯ ಹೆಗಲೇರಿ ಮೆರವಣಿಗೆಯನ್ನು ಕಂಡ ಮಕ್ಕಳು ಇಂದು ಎಂಬತ್ತರ ಆಸುಪಾಸಿನ ಅಜ್ಜ ಅಜ್ಜಿಯರು. ತಮ್ಮ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು ಹಿರಿಯರು ಕೂಡಿ ಕುಳಿತು ಮಾತಾಡಿದುದನ್ನೂ, ಮಾತಾಡಿದುದರಿಂದಲೇ ಅದು ಕೈಗೂಡಿದುದನ್ನೂ ಕಣ್ಣಾರೆ ಕಂಡ ಪೀಳಿಗೆ ಇದು. ಅಂಥವರನ್ನು ಈಗ ನಾವು ಮನೆಯ ಒಂದು ಮೂಲೆಗೆ ಕುರ್ಚಿ ಹಾಕಿ ಕೂರಿಸಿರುವೆವು. ವರ್ಷಕ್ಕೊಮ್ಮೆ ಬ್ಯಾಂಕಿಗೆ ಕರೆದೊಯ್ದು, “ನಾನಿನ್ನೂ ಬದುಕಿದ್ದೇನೆ” ಎಂದು ಅವರಿಂದ ರುಜು ಹಾಕಿಸುವೆವು. ಉಳಿದ ದಿನಗಳಲ್ಲಿ ಅವರು ಬದುಕಿರುವರೆಂಬುದನ್ನು ಊರಿಗೆ ತಿಳಿಸುವವರು ಯಾರು? ಪ್ರಶ್ನೆಯು ಕಟುವಾಗಿ ತೋರಬಹುದು; ಆದರೆ ಕೇಳದೆ ಗತ್ಯಂತರವಿಲ್ಲ.

ಕಟ್ಟೆಯ ಕೂಟ

ಬಳ್ಳಾರಿಗೆ ಕೂಟಗಳೇನೂ ಹೊಸತಲ್ಲ. ಧರ್ಮವರಂ ಕೃಷ್ಣಮಾಚಾರ್ಯರು (೧೮೫೩–೧೯೧೨) ಮತ್ತು ಕೋಲಾಚಲಂ ಶ್ರೀನಿವಾಸರಾಯರು (೧೮೫೪–೧೯೧೯) ವಕೀಲಿ ವೃತ್ತಿಯಲ್ಲಿದ್ದುಕೊಂಡೇ ಸರಸವಿನೋದಿನಿ, ಸುಮನೋರಮಾ ಎಂಬ ನಾಟಕ ಸಭೆಗಳನ್ನು ನಡೆಸಿದರು. ಬಳ್ಳಾರಿ ರಾಘವರು (೧೮೮೦–೧೯೪೬) ಹಗಲೆಲ್ಲ ನ್ಯಾಯಾಲಯದಲ್ಲಿ ವಾದಿಸಿ ಇರುಳು ರಂಗವನ್ನೇರುತ್ತಿದ್ದರು. ಅವರ ಹೆಸರಿನ ಕಲಾಮಂದಿರವು ಇಂದಿಗೂ ನಗರದಲ್ಲಿದೆ. ಜೋಳದರಾಶಿ ದೊಡ್ಡನಗೌಡರು (೧೯೧೦–೧೯೯೪) ಗಮಕವನ್ನೂ ರಂಗಭೂಮಿಯನ್ನೂ ಮುಪ್ಪಿನವರೆಗೂ ಬಿಡಲಿಲ್ಲ. ಹೊಟ್ಟೆಯ ಕೆಲಸ ಮುಗಿದ ಮೇಲೆ ಊರಿನ ಕೆಲಸವೊಂದುಂಟೆಂದು ಈ ಮಹನೀಯರು ನಂಬಿದ್ದರು. ತೆಲುಗು ಕನ್ನಡಗಳೆರಡೂ ಕಲೆತು ಹರಿಯುವ ಈ ನಗರದಲ್ಲಿ ಭಾಷೆಯ ಭೇದವು ಸಂಜೆಯ ಕೂಟಗಳಿಗೆ ಅಡ್ಡಿಯಾಗಲಿಲ್ಲವೆಂಬುದೂ ಗಮನಾರ್ಹವಾದುದು.

ಈಗಿನ ಕೂಟಗಳ ಸ್ವರೂಪವು ಬೇರೆ. ನಗರದಲ್ಲಿ ಬೆಳಗಿನ ಐದೂವರೆ ಆರಕ್ಕೆ ಮೈದಾನಗಳಲ್ಲಿ, ಉದ್ಯಾನಗಳಲ್ಲಿ, ಗುಡ್ಡದ ಬುಡದಲ್ಲಿ ನಿವೃತ್ತರ ಗುಂಪುಗಳು ತಿರುಗಾಡುವುವು. ಬಿಸಿಲೇರುವ ಮೊದಲು ತಿರುಗಾಟವೂ, ಅದರ ಕೊನೆಗೆ ಒಂದು ಲೋಟ ಚಹವೂ, ಕೆಲವೊಮ್ಮೆ ಒಗ್ಗರಣೆ ಮಂಡಕ್ಕಿ ಮಿರ್ಚಿಯೂ, ಜೊತೆಗೆ ಪತ್ರಿಕೆಯ ಸುದ್ದಿಯ ಚರ್ಚೆಯೂ ನಡೆಯುವುದು. ಸಿರುಗುಪ್ಪದ ಕಡೆಯ ಕಟ್ಟೆಗಳಲ್ಲಿ ಮಾತು ಕಾಲುವೆಯ ಸುತ್ತ ಸುತ್ತುವುದು: ನೀರು ಎಂದು ಬಿಡುವರು, ಎಂದು ನಿಲ್ಲಿಸುವರು, ಕೊನೆಯ ಹೊಲಕ್ಕೆ ಮುಟ್ಟುವುದೋ ಇಲ್ಲವೋ. ಕುರುಗೋಡಿನಂತಹ ಊರಿನಲ್ಲಿ ಗುಡಿಯ ಜಗಲಿಯೇ ಸಭಾಮಂದಿರ. ಸ್ಥಳಗಳು ಬೇರೆಯಾದರೂ ಒಳಗಿನ ಅರ್ಥವೊಂದೇ: ನಿನ್ನೆ ಬಾರದವನು ಇಂದೂ ಬಾರದಿದ್ದರೆ ಅವನ ಮನೆಯ ಬಾಗಿಲನ್ನು ಯಾರಾದರೊಬ್ಬರು ಹೋಗಿ ತಟ್ಟುವರು. ಈ ಒಂದು ಉಪಕಾರವನ್ನು ಯಾವ ಇಲಾಖೆಯೂ ಮಾಡಲಾರದು.

ಆದರೆ ಕಟ್ಟೆಯೆಂಬುದು ಬಹುಮಟ್ಟಿಗೆ ಗಂಡಸರ ಸ್ವತ್ತಾಗಿದೆ. ಹೆಂಗಸಿಗೆ ಅರವತ್ತರ ಮೇಲೆಯೂ ಒಲೆಯುಂಟು, ಮೊಮ್ಮಕ್ಕಳುಂಟು. ಗಂಡನ ಔಷಧದ ಹೊತ್ತನ್ನು ನೆನಪಿಡುವ ಕೆಲಸವುಂಟು. ಅವಳ ಕೂಟವೆಂದರೆ ಭಜನೆ, ಗುಡಿ, ಸ್ವಸಹಾಯ ಸಂಘ, ನೀರು ತರುವ ಹೊತ್ತಿನ ನಾಲ್ಕು ಮಾತು. ೨೦೨೩ನೆಯ ಇಸವಿಯ ಜೂನ್ ೧೧ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವು ದೊರೆತುದರಿಂದ ಈ ಕಡೆಯ ಮುದುಕಿಯರಿಗೆ ಆದ ಲಾಭವನ್ನು ಕೇವಲ ರೂಪಾಯಿಗಳಲ್ಲಿ ಅಳೆಯಲಾಗದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಮಗಳ ಮನೆಗಾಗಲಿ, ದೊಡ್ಡಾಸ್ಪತ್ರೆಗಾಗಲಿ ಹೋಗಬೇಕಾದರೆ ಯಾರೊಡನೆಯೂ ಬಸ್ಸಿನ ಕಾಸಿಗೆ ಕೈಯೊಡ್ಡಬೇಕಾಗಿಲ್ಲವೆಂಬುದೇ ಒಂದು ಸ್ವಾತಂತ್ರ್ಯವು. ಅದೇ ವರ್ಷ ಆರಂಭವಾದ, ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು, ಯಜಮಾನಿಯು ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆಯನ್ನು ಹಲವು ಮನೆಗಳ ಹೊಸ್ತಿಲಿಗೆ ತಂದಿತು. ಸಮಾಧಾನದಿಂದ ಹಂಚಿಕೊಂಡ ಮನೆಗಳೂ ಉಂಟು, ಮನಸ್ಸು ಮುರಿದ ಮನೆಗಳೂ ಉಂಟು. ಹಣವು ಬಂದಾಗ ಕೂಡಿ ಕುಳಿತು ಮಾತಾಡುವ ಪದ್ಧತಿ ಮೊದಲೇ ಇದ್ದ ಮನೆಯಲ್ಲಿ ಜಗಳವು ಹುಟ್ಟಲಿಲ್ಲವೆಂಬುದನ್ನು ಗೃಹಸ್ಥರು ಮನಗಾಣಬೇಕು.

ದೇಹದ ಮಾತು

ಬಳ್ಳಾರಿಯ ಬೇಸಗೆಯನ್ನು ವರ್ಣಿಸಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣವು ನಲವತ್ತು ಡಿಗ್ರಿಯನ್ನು ದಾಟುವುದು ಇಲ್ಲಿ ನಿತ್ಯದ ಮಾತು. ಮುಪ್ಪಿನವರಿಗೆ ಈ ಬಿಸಿಲು ಹೆಚ್ಚು ಅಪಾಯಕರವಾಗುವುದಕ್ಕೆ ಕಾರಣವುಂಟು. ವಯಸ್ಸಾದಂತೆಲ್ಲ ಬಾಯಾರಿಕೆಯ ಅರಿವು ಕುಗ್ಗುವುದು. ದೇಹವು ಒಣಗಿದ್ದರೂ ನಾಲಗೆಯು ನೀರನ್ನು ಕೇಳದು. ಆದಕಾರಣ ಹಿರಿಯರು ಬಾಯಾರಿದಾಗ ಕುಡಿಯುವೆವೆಂದು ಕಾಯದೆ, ಹೊತ್ತು ಗೊತ್ತುಮಾಡಿಕೊಂಡು ನೀರನ್ನೋ ತೆಳು ಮಜ್ಜಿಗೆಯನ್ನೋ ಕುಡಿಯಬೇಕು. ರಕ್ತದೊತ್ತಡವುಳ್ಳವರ ಮಜ್ಜಿಗೆಗೆ ಉಪ್ಪು ಬೇಡ. ಹೃದಯ ಅಥವಾ ಮೂತ್ರಪಿಂಡದ ಬೇನೆಯುಳ್ಳವರು ಎಷ್ಟು ನೀರು ಕುಡಿಯಬಹುದೆಂಬುದನ್ನೂ, ಒತ್ತಡದ ಗುಳಿಗೆಗಳನ್ನು ಬೇಸಗೆಯಲ್ಲಿ ಹೇಗೆ ಸೇವಿಸಬೇಕೆಂಬುದನ್ನೂ ವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು. ಬಿಸಿಲಿನ ದಿನ ಮುದುಕರ ಮೈ ಕಾದು, ಮಾತು ತೊದಲಿ, ಬುದ್ಧಿ ಭ್ರಮಿಸಿದಂತಾದರೆ “ಅರಳುಮರಳು” ಎಂದು ಸುಮ್ಮನಿರದೆ, ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈಯೊರಸಿ, ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಡಮಾಡಿದರೆ ಪ್ರಾಣಾಪಾಯವು.

ಊಟದ ವಿಷಯದಲ್ಲಿ ಈ ಸೀಮೆಯು ಒಂದು ದೊಡ್ಡ ಪರಿವರ್ತನೆಯನ್ನು ಕಂಡಿದೆ. ಕಪ್ಪು ಮಣ್ಣಿನ ಒಣ ಹೊಲಗಳಲ್ಲಿ ಜೋಳ, ನವಣೆಗಳನ್ನು ಬೆಳೆದುಂಡವರು ಇಲ್ಲಿಯವರು. ಸಿರುಗುಪ್ಪದ ಬಳಿ ವಿಜಯನಗರ ಕಾಲದ ಕಾಲುವೆಗಳಿದ್ದರೂ, ೧೯೫೩ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗಳು ಹರಿದ ಮೇಲೆ ಬತ್ತವು ಹಬ್ಬಿತು; ರೊಟ್ಟಿಯ ತಾಟಿಗೆ ಬಿಳಿಯ ಅನ್ನವು ಬಂದಿತು. ಹೊಲದಲ್ಲಿ ದುಡಿಯುವ ಮೈಗೆ ಎರಡು ಹೊತ್ತಿನ ಅನ್ನವು ಅರಗೀತು. ಜಗಲಿಯ ಮೇಲೆ ಕೂತ ಮೈಗೆ ಅದೇ ಅನ್ನವು ಸಕ್ಕರೆಯ ಬೇನೆಗೆ ದಾರಿಯಾಗುವುದು. ಎಪ್ಪತ್ತರ ಅಜ್ಜನು ಜೋಳದ ರೊಟ್ಟಿಯನ್ನು ಬೇಡಿದರೆ ಅದು ಹಳೆಯ ಚಪಲವಲ್ಲ, ಒಳ್ಳೆಯ ಪಥ್ಯವು. ಹಲ್ಲಿಲ್ಲದಿದ್ದರೆ ನುಚ್ಚೋ ಅಂಬಲಿಯೋ ಆಗಬಹುದು. ಉಪ್ಪು ದಿನಕ್ಕೆ ಐದು ಗ್ರಾಮಿನ, ಎಂದರೆ ಒಂದು ಚಹದ ಚಮಚದ ಒಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿಗಳಲ್ಲಿರುವ ಉಪ್ಪೂ ಆ ಲೆಕ್ಕಕ್ಕೆ ಸೇರಿದುದೇ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಎರಡು ಬೇರೆ ಬೇರೆ ಉಪದೇಶಗಳೆಂದು ತಿಳಿದಿದ್ದೆವು; ವೃದ್ಧಾಪ್ಯದಲ್ಲಿ ಇವೆರಡೂ ಒಂದೇ ಚಿಕಿತ್ಸೆಯ ಎರಡು ಭಾಗಗಳೆಂದು ಈಚಿನ ವೈದ್ಯಶಾಸ್ತ್ರವು ತೋರಿಸಿಕೊಟ್ಟಿದೆ.

ಏಕೆಂದರೆ ಒಂಟಿತನವೂ ಒಂದು ವ್ಯಾಧಿಯೇ. ಜಗತ್ತಿನಲ್ಲಿ ಆರು ಜನರಲ್ಲೊಬ್ಬರು ಅದರಿಂದ ಪೀಡಿತರೆಂದೂ, ವರ್ಷಕ್ಕೆ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮರಣಗಳೊಡನೆ ಅದಕ್ಕೆ ಸಂಬಂಧವುಂಟೆಂದೂ ವಿಶ್ವ ಆರೋಗ್ಯ ಸಂಸ್ಥೆಯ ೨೦೨೫ರ ವರದಿಯು ತಿಳಿಸಿದೆ. ಮರೆವಿನ ರೋಗದ ಬಗ್ಗೆ ವಿಚಾರ ಮಾಡಿದ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಮಂಡಲಿಯು ೨೦೨೪ರಲ್ಲಿ, ನಾವು ಬದಲಿಸಬಹುದಾದ ಹದಿನಾಲ್ಕು ಕಾರಣಗಳನ್ನು ಎಣಿಸಿತು. ಕಿವಿ ಮಂದವಾಗುವುದು, ಕಣ್ಣು ಮಂಜಾಗಿ ಉಳಿಯುವುದು, ಜನರ ಸಂಪರ್ಕ ತಪ್ಪುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ವಿಚಾರಮಾಡಿ ನೋಡಿದರೆ ಇವು ಒಂದರ ಬಾಲವನ್ನೊಂದು ಹಿಡಿದು ಬರುವುವು. ಕಿವಿ ಕೇಳಿಸದ ಅಜ್ಜನು ಕಟ್ಟೆಗೆ ಹೋಗಲು ನಾಚುವನು; ಕಟ್ಟೆ ತಪ್ಪಿದರೆ ತಿರುಗಾಟ ತಪ್ಪುವುದು; ತಿರುಗಾಟ ತಪ್ಪಿದರೆ ಹಸಿವು, ನಿದ್ರೆ, ಕಾಲಿನ ಬಲ ಎಲ್ಲವೂ ತಪ್ಪುವುವು; ಆ ಮೇಲೆ ಒಂದು ದಿನ ಬಚ್ಚಲಿನಲ್ಲಿ ಜಾರಿ ಬಿದ್ದರೆಂಬ ಸುದ್ದಿ ಬರುವುದು. ಬಿದ್ದುದು ಬಚ್ಚಲಿನಲ್ಲಾದರೂ ಬೀಳುವಿಕೆಯು ಆರಂಭವಾದುದು ಅವರು ಕಟ್ಟೆಗೆ ಹೋಗುವುದನ್ನು ಬಿಟ್ಟ ದಿನವೇ.

ಅರವತ್ತೈದು ದಾಟಿದವರಿಗೂ ವಾರಕ್ಕೆ ನೂರೈವತ್ತು ನಿಮಿಷಗಳ ಚುರುಕು ನಡಿಗೆಯಂಥ ವ್ಯಾಯಾಮವೂ, ವಾರದಲ್ಲಿ ಮೂರು ದಿನ ಮೈಯ ಸಮತೋಲವನ್ನು ಕಾಯುವ ಅಭ್ಯಾಸವೂ ಬೇಕೆಂಬುದು ಅದೇ ವಿಶ್ವಸಂಸ್ಥೆಯ ಅಂಗದ ಸಲಹೆ. ಬಳ್ಳಾರಿ ನಗರದಲ್ಲಿ ೧೯೬೧ರಲ್ಲಿ ಪ್ರಾರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಸುತ್ತಣ ತಾಲ್ಲೂಕುಗಳಿಗೆಲ್ಲ ಆಸರೆಯಾಗಿದೆ. ಅಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ, ಸೇವಿಸುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಉತ್ತಮ. ಎರಡು ಕಡೆಯ ವೈದ್ಯರು ಒಂದೇ ಔಷಧವನ್ನು ಎರಡು ಹೆಸರುಗಳಿಂದ ಬರೆದುಕೊಟ್ಟು, ರೋಗಿಯು ಎರಡನ್ನೂ ನುಂಗುವ ಪ್ರಮಾದವು ಇದರಿಂದ ತಪ್ಪುವುದು.

ಕೃಪೆಯಲ್ಲ, ಹಕ್ಕು

ಇನ್ನು ಹಣದ ವಿಚಾರ. ವಿಶ್ರಾಂತಿವೇತನವು ಸರ್ಕಾರವು ತೋರುವ ದಯೆಯೆಂದು ಹಲವರು ತಿಳಿದಿರುವರು. ಡಿ. ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿಯ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ೧೯೮೨ನೆಯ ಇಸವಿಯ ಡಿಸೆಂಬರ್ ೧೭ರಂದು ಈ ಭ್ರಮೆಯನ್ನು ಹರಿಯಿತು. ವಿಶ್ರಾಂತಿವೇತನವು ಪ್ರಭುವಿನ ಕೃಪೆಯಲ್ಲ. ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸಾರಿತು. ಆ ದಿನವನ್ನೇ ನಿವೃತ್ತರು ವರ್ಷವರ್ಷವೂ ತಮ್ಮ ದಿನವೆಂದು ಆಚರಿಸುವರು. ಒಬ್ಬ ಮುದುಕನು ನ್ಯಾಯಾಲಯದ ಮೆಟ್ಟಿಲನ್ನೇರಿದುದರಿಂದ ಲಕ್ಷಾಂತರ ಮುದುಕರಿಗೆ ಒಳಿತಾಯಿತೆಂಬುದು ಇಲ್ಲಿಯ ಪಾಠವು.

ಆದರೆ ಈ ಹಕ್ಕು ಎಲ್ಲರಿಗೂ ಸಮವಾಗಿ ಸಂದಿಲ್ಲ. ಕೇಂದ್ರ ಸರ್ಕಾರದ ನಿವೃತ್ತನಿಗೆ ಎಂಬತ್ತು ತುಂಬಿದರೆ ಮೂಲ ವಿಶ್ರಾಂತಿವೇತನದ ಶೇಕಡ ಇಪ್ಪತ್ತು ಹೆಚ್ಚುವರಿಯಾಗಿ ದೊರೆಯುವುದು. ನೂರು ತುಂಬಿದರೆ ಅದು ಇಮ್ಮಡಿಯಾಗುವುದು. ಗಿರಣಿ ಕಾರ್ಖಾನೆಗಳಲ್ಲಿ ದುಡಿದು ಭವಿಷ್ಯನಿಧಿಯ ಯೋಜನೆಗೆ ಸೇರಿದವನಿಗೆ ೨೦೧೪ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತವು ತಿಂಗಳಿಗೆ ೧,೦೦೦ ರೂಪಾಯಿ. ಏನೂ ಇಲ್ಲದ ಬಡ ವೃದ್ಧರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯುಂಟು. ಅರವತ್ತೈದು ದಾಟಿದವರಿಗೆ ಸಲ್ಲುವ ಈ ಮಾಸಾಶನವನ್ನು ೨೦೨೧ರಲ್ಲಿ ೧,೨೦೦ ರೂಪಾಯಿಗೆ ಏರಿಸಲಾಯಿತು. ಇಷ್ಟೂ ಕೈಗೆ ಬರಬೇಕಾದರೆ ಆಧಾರ್ ಚೀಟಿಯ ಹುಟ್ಟಿದ ವರ್ಷವೂ ಪಡಿತರ ಚೀಟಿಯ ಹೆಸರೂ ಬ್ಯಾಂಕಿನ ಪುಸ್ತಕವೂ ಒಂದನ್ನೊಂದು ಹೋಲಬೇಕು. ಹುಟ್ಟಿದ ದಿನವನ್ನು ಬರಗಾಲದಿಂದಲೋ ಜಾತ್ರೆಯಿಂದಲೋ ಲೆಕ್ಕಹಾಕುವ ಮುದುಕಿಗೆ ಇದು ಸುಲಭವೆ? ಜೀವಿತ ಪ್ರಮಾಣಪತ್ರಕ್ಕೆ ಹೆಬ್ಬೆರಳಿನ ಗುರುತು ಬೇಕೆನ್ನುವರು. ಐವತ್ತು ವರ್ಷ ಕುಡುಗೋಲು ಹಿಡಿದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣಿಸವು. ಕಣ್ಣಿನ ಪಾಪೆಯಿಂದಲೂ, ೨೦೨೧ರಿಂದ ಮೊಬೈಲಿನಲ್ಲಿ ಮುಖವನ್ನು ತೋರಿಸಿಯೂ ಈ ಪ್ರಮಾಣವನ್ನು ಕೊಡಬಹುದಾಗಿದೆ. ಮನೆಯ ಮೊಮ್ಮಗನು ಹತ್ತು ನಿಮಿಷ ಕೂತರೆ ಆಗುವ ಕೆಲಸಕ್ಕಾಗಿ ಮುದುಕರು ಮೂರು ದಿನ ಸಾಲಿನಲ್ಲಿ ನಿಲ್ಲುವಂತಾಗಬಾರದು.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿಯ ೨೦೦೭ನೆಯ ಇಸವಿಯ ಕಾಯಿದೆಯನ್ನು ಪ್ರತಿ ಗೃಹಸ್ಥನೂ ತಿಳಿದಿರಬೇಕು. ತಮ್ಮ ಸಂಪಾದನೆಯಿಂದಲೂ ಆಸ್ತಿಯಿಂದಲೂ ಬದುಕಲಾರದ ತಂದೆತಾಯಿಗಳು ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಗೆ ಅರ್ಜಿ ಕೊಡಬಹುದು. ತಿಂಗಳಿಗೆ ೧೦,೦೦೦ ರೂಪಾಯಿಗಳವರೆಗೆ ಜೀವನಾಂಶವನ್ನು ಗೊತ್ತುಪಡಿಸಲು ಕಾಯಿದೆಯು ಅವಕಾಶ ಕೊಟ್ಟಿದೆ. ಹಿರಿಯರನ್ನು ನಡುದಾರಿಯಲ್ಲಿ ಕೈಬಿಟ್ಟವರಿಗೆ ಮೂರು ತಿಂಗಳವರೆಗೆ ಸೆರೆಯುಂಟು. ಅತ್ಯಂತ ಮುಖ್ಯವಾದುದು ಇಪ್ಪತ್ತಮೂರನೆಯ ಕಲಮು: ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಯಿಸಿಕೊಂಡವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದುಗೊಳಿಸಬಹುದು. ಷರತ್ತು ಇದ್ದುದು ಸ್ಪಷ್ಟವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಹೇಳಿತು; ೨೦೨೫ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಹಿರಿಯರ ಹಿತವೇ ಕಾಯಿದೆಯ ಉದ್ದೇಶವಾದುದರಿಂದ ಉದಾರವಾಗಿ ಅರ್ಥಮಾಡಬೇಕೆಂದಿತು. ಆದಕಾರಣ ಹೊಲಮನೆಗಳನ್ನು ಮಕ್ಕಳಿಗೆ ಬರೆದುಕೊಡುವ ಹಿರಿಯರು ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬಿಡಿಸಿ ಬರೆಯಿಸಬೇಕು. “ಮಗನ ಮೇಲೆ ನಂಬಿಕೆಯಿಲ್ಲವೆ?” ಎಂದು ನಾಚಬೇಕಾದುದಿಲ್ಲ. ಒಳ್ಳೆಯ ಮಗನಿಗೆ ಆ ಸಾಲು ಭಾರವಾಗದು. ಕೆಟ್ಟವನಿಗೆ ಅದು ಅಂಕುಶವಾಗುವುದು.

ಮತವೂ ಸಭೆಯೂ

೧೯೪೦ರಲ್ಲಿ ಹುಟ್ಟಿದ ಈ ಸೀಮೆಯ ಒಬ್ಬ ಹಿರಿಯನನ್ನು ಊಹಿಸಿಕೊಳ್ಳೋಣ. ಆಗ ಮತದಾನದ ವಯಸ್ಸು ಇಪ್ಪತ್ತೊಂದು; ೧೯೬೨ರಲ್ಲಿ ಅವನು ಮೊದಲು ಮತಪೆಟ್ಟಿಗೆಯನ್ನು ಕಂಡಿರಬೇಕು. ತಪ್ಪದೆ ಹೋಗಿದ್ದರೆ ೨೦೨೪ರವರೆಗೆ ಹದಿನಾರು ಲೋಕಸಭೆಗಳ ಸಾರ್ವತ್ರಿಕ ಚುನಾವಣೆಯಲ್ಲಿ ಅವನ ಮತವು ಬಿದ್ದಿದೆ. ೧೯೯೯ರಲ್ಲಿ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ಇಲ್ಲಿಯೇ ಎದುರುಬದುರಾಗಿ ನಿಂತು ದೇಶದ ಕಣ್ಣೆಲ್ಲ ಬಳ್ಳಾರಿಯ ಮೇಲೆ ನೆಟ್ಟಿದ್ದ ದಿನಗಳನ್ನೂ ಅವನು ಕಂಡಿರುವನು. ಗೆದ್ದವರ ಮಾತುಗಳನ್ನೂ, ಗೆದ್ದ ಮೇಲಿನ ಮೌನವನ್ನೂ ಅವನಷ್ಟು ಬಲ್ಲವರಾರು? ಇಂಥವನ ವಿವೇಕವು ಊರಿಗೆ ಉಪಯೋಗವಾಗದಿದ್ದರೆ ನಷ್ಟವು ಊರಿನದೇ.

ಮತಗಟ್ಟೆಗೆ ಹೋಗಲಾರದ ಹಿರಿಯರಿಗೆ ೨೦೨೩ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಮನೆಯಲ್ಲಿಯೇ ಮತ ಕೊಡುವ ಅನುಕೂಲವಾಯಿತು. ಅಂದು ಎಂಬತ್ತು ತುಂಬಿದವರಿಗಿದ್ದ ಈ ಸೌಕರ್ಯವು ೨೦೨೪ರಿಂದ ಎಂಬತ್ತೈದು ತುಂಬಿದವರಿಗೆ ಮಾತ್ರ ಉಂಟು. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ ೧೨ಡಿ ಎಂಬ ನಮೂನೆಯನ್ನು ತುಂಬಿಕೊಟ್ಟರೆ ಅಧಿಕಾರಿಗಳು ಮನೆಗೇ ಬಂದು ಗು‌ಪ್ತವಾಗಿ ಮತವನ್ನು ಪಡೆಯುವರು; ಆ ಮೇಲೆ ಮತಗಟ್ಟೆಗೆ ಹೋಗುವಂತಿಲ್ಲ. ಮನೆಯೊಳಗೆ ಮತ ಕೊಡುವಾಗ ಮಗನಾಗಲಿ ಸೊಸೆಯಾಗಲಿ ಭುಜದ ಮೇಲಿಂದ ಇಣುಕಿ ನೋಡಕೂಡದು. ಕಾಲಿನಲ್ಲಿ ಬಲವಿಲ್ಲವೆಂದ ಮಾತ್ರಕ್ಕೆ ಮನಸ್ಸಿನ ಬಲವೂ ಹೋಯಿತೆಂದು ತಿಳಿಯುವುದು ಅಪಚಾರವು. ಹಾಗೆಯೇ, ನಡೆಯಬಲ್ಲ ಹಿರಿಯರು ನಡೆದು ಹೋಗಿಯೇ ಮತ ಕೊಡುವುದು ಮೇಲು. ಸಾಲಿನಲ್ಲಿ ನಿಂತ ಎಂಬತ್ತರ ಅಜ್ಜಿಯನ್ನು ಕಂಡು, ಕಾಸಿಗೆ ಮತವನ್ನು ಮಾರುವ ಇಪ್ಪತ್ತರ ತರುಣನು ನಾಚಿಯಾನು.

ಐದು ವರ್ಷಕ್ಕೊಮ್ಮೆ ಮತ ಕೊಟ್ಟು ಮನೆಗೆ ಬರುವುದರೊಡನೆ ಪೌರನ ಧರ್ಮವು ಮುಗಿಯಿತೆ? ನಮ್ಮ ಅಭಿಪ್ರಾಯದಲ್ಲಿ ನಿವೃತ್ತರ ರಾಜಕೀಯವೆಂದರೆ ಪಕ್ಷದ ಬಾವುಟವನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಊರಿನ ಲೆಕ್ಕವನ್ನು ಕೇಳುವುದು. ಗ್ರಾಮಸಭೆಯಲ್ಲಿ ಕೂಡುವವರು ವಿರಳ. ತರುಣರಿಗೆ ದುಡಿಮೆಯ ಗಡಿಬಿಡಿ. ಹೊತ್ತುಳ್ಳವರು, ಬರೆಯಬಲ್ಲವರು, ಕಚೇರಿಯ ಕಾಗದದ ಮರ್ಮವನ್ನು ಮೂವತ್ತು ವರ್ಷ ಕಂಡವರು ನಿವೃತ್ತರೇ ಅಲ್ಲವೆ? ಮಾಹಿತಿ ಹಕ್ಕಿನ ೨೦೦೫ರ ಕಾಯಿದೆಯಂತೆ ಹತ್ತು ರೂಪಾಯಿ ಕೊಟ್ಟು ಕೇಳಿದ ಪ್ರಶ್ನೆಗೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬೀದಿಯ ದೀಪ, ಕುಡಿಯುವ ನೀರು, ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು, ಬಸ್ ನಿಲ್ದಾಣದಲ್ಲಿ ನೆರಳು ಇವುಗಳಿಗಾಗಿ ಒಬ್ಬನು ಹೋದರೆ ಅದು ಅರ್ಜಿಯಾಗುವುದು. ಇಪ್ಪತ್ತು ಮಂದಿ ಬಿಳಿದಲೆಯವರು ಕೂಡಿ ಹೋದರೆ ಅದು ಸಾರ್ವಜನಿಕರ ಮಾತಾಗುವುದು. ಅಳದ ಮಗುವಿಗೆ ತಾಯಿಯೂ ಹಾಲೂಡಳೆಂಬ ಮಾತು ಮುದುಕರಿಗೂ ಅನ್ವಯಿಸುವುದು.

ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಏಕೀಕರಣದ ಚಳವಳಿಯಲ್ಲಿ ಪಾಲುಗೊಂಡು, ನ್ಯಾಯಾಧೀಶರಾಗಿಯೂ ಸಾಹಿತಿಗಳಾಗಿಯೂ ಹೆಸರಾದ ಕೋ. ಚೆನ್ನಬಸಪ್ಪನವರು ೨೦೧೩ರಲ್ಲಿ, ತಮ್ಮ ತೊಂಬತ್ತರ ವಯಸ್ಸಿನಲ್ಲಿ, ವಿಜಯಪುರದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಎಲ್ಲರೂ ಅಧ್ಯಕ್ಷರಾಗಬೇಕಾಗಿಲ್ಲ, ಆದರೆ ಮಾತಾಡುವ ಹಕ್ಕಿಗೆ ನಿವೃತ್ತಿಯ ತಾರೀಖಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಗೃಹಸ್ಥರು ಮಾಡತಕ್ಕದ್ದು

ಈವರೆಗೆ ಹೇಳಿದುದರ ಸಾರವಿಷ್ಟು: ಕೂಟ, ಆರೋಗ್ಯ, ಪೌರಧರ್ಮ ಇವು ಮೂರೂ ಒಂದೇ ಹಗ್ಗದ ಎಳೆಗಳು. ಜೊತೆಗಾರರಿದ್ದರೆ ಕಾಲು ಆಡುವುದು. ಕಾಲು ಆಡಿದರೆ ಕಚೇರಿಗೂ ಸಭೆಗೂ ಹೋಗಲಾಗುವುದು. ತನ್ನ ಮಾತಿಗೆ ಊರಿನಲ್ಲಿ ಬೆಲೆಯುಂಟೆಂದು ತಿಳಿದ ಮುದುಕನು ನಾಳೆ ಬೆಳಿಗ್ಗೆಯೂ ಏಳಬೇಕೆನ್ನುವನು. ಒಂದು ಎಳೆ ಹರಿದರೆ ಉಳಿದೆರಡೂ ಸಡಿಲುವುವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹಗಳು ಕೆಲವೇ. ಹಿರಿಯರನ್ನು ದಿನಕ್ಕೊಮ್ಮೆಯಾದರೂ ಹೊಸ್ತಿಲ ಹೊರಗೆ ಹೋಗಗೊಡಿರಿ; ಹೋಗಲಾರದವರಿದ್ದರೆ ಅವರ ಗೆಳೆಯರನ್ನು ಮನೆಗೆ ಕರೆಯಿರಿ. ಕಿವಿಯ ಯಂತ್ರಕ್ಕೂ ಕಣ್ಣಿನ ಪೊರೆಯ ಚಿಕಿತ್ಸೆಗೂ “ಈ ವಯಸ್ಸಿನಲ್ಲಿ ಏಕೆ?” ಎನ್ನದಿರಿ. ಬಚ್ಚಲಿನ ಗೋಡೆಗೊಂದು ಹಿಡಿಕೆಯನ್ನೂ, ರಾತ್ರಿಯ ದಾರಿಗೊಂದು ದೀಪವನ್ನೂ ಈ ತಿಂಗಳೇ ಹಾಕಿಸಿರಿ. ತಾಯಿಯ ಹೆಸರಿನ ಖಾತೆಯ ಪುಸ್ತಕವು ತಾಯಿಯ ಪೆಟ್ಟಿಗೆಯಲ್ಲಿಯೇ ಇರಲಿ. ಮನೆಯ ಖರ್ಚುವೆಚ್ಚ, ಮದುವೆ, ಹೊಲದ ಮಾತು ಬಂದಾಗ ಅವರನ್ನು ಕೇಳಿರಿ. ಅವರು ಹೇಳಿದಂತೆಯೇ ನಡೆಯಬೇಕೆಂದಿಲ್ಲ, ಕೇಳಿದರೆಂಬುದೇ ಸಾಕು. ಮನೆಯವರಿಂದಲೇ ತೊಂದರೆಗೊಳಗಾದ ಹಿರಿಯರು ನೆರೆಯಲ್ಲಿದ್ದರೆ ೧೪೫೬೭ ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ಅವರಿಗೆ ತಿಳಿಸಿರಿ.

ಹಿರಿಯರಲ್ಲಿಯೂ ಒಂದು ಮಾತು. “ನಮ್ಮ ಕಾಲದಲ್ಲಿ” ಎಂದು ಆರಂಭವಾಗುವ ಮಾತನ್ನು ಎಳೆಯರು ಬೇಸರದಿಂದ ಕೇಳುವರೆಂದು ಕೊರಗದಿರಿ. ಇದೂ ನಿಮ್ಮ ಕಾಲವೇ. ಈ ಊರಿನ ನೀರು, ನೆರಳು, ಆಸ್ಪತ್ರೆ, ಮತ ಎಲ್ಲವೂ ನಿಮಗೂ ಸೇರಿದುವು. ೧೯೫೩ರಲ್ಲಿ ನಿಮ್ಮ ತಂದೆತಾಯಿಗಳು ಕಟ್ಟೆಯ ಮೇಲೆ ಕೂತು ಊರಿನ ಗಡಿಯನ್ನು ಚರ್ಚಿಸಿದರು. ಅದೇ ಕಟ್ಟೆಯ ಮೇಲೆ ಕೂತು ನೀವು ಊರಿನ ಬಾಳನ್ನು ಚರ್ಚಿಸಿರಿ. ಚರ್ಚಿಸಿ ಎದ್ದು ಹೋಗಿ, ಕೇಳತಕ್ಕವರನ್ನು ಕೇಳಿರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹಿರಿಯರಿಗೆ ದೀರ್ಘಾಯುಸ್ಸನ್ನಷ್ಟೇ ಅಲ್ಲದೆ, ಆ ಆಯುಸ್ಸಿಗೆ ತಕ್ಕ ಗೌರವವನ್ನೂ ಜೊತೆಗಾರರನ್ನೂ ಹಾರೈಸಿ ಈ ಲೇಖನವನ್ನು ಮುಗಿಸುವೆವು.